ಕುಸ್ವಾರಿನ ತಟ್ಟೆ ಯಾರ ಮನೆಗೆ?



ಹಿಬ್ರೂ ಭಾಷೆಯಲ್ಲಿ ಬೆತ್ಲೆಹೇಮ್ ಎಂದರೆ ‘ರೊಟ್ಟಿಯ ಮನೆ’. ಆ ಊರಲ್ಲಿ ಹುಟ್ಟಿದ ಬಾಲಯೇಸುವಿನ ಹಬ್ಬಕ್ಕೆ ಮನೆಮನೆಯಲ್ಲೂ ತಿಂಡಿ ಸಿದ್ಧವಾಗುವುದು ಸಹಜವೇ. ಪಾಶ್ಚಾತ್ಯ ದೇಶಗಳಲ್ಲಿ ಕೆಂಪು ಬಿಳಿ ಪಟ್ಟೆಯ ಪೆಪ್ಪರ್‌ಮೆಂಟು ಕೋಲು ಕ್ರಿಸ್‌ಮಸ್ಸಿನ ಗುರುತಾದರೆ, ಸಕಲೇಶಪುರ, ಆಲೂರು ಕಡೆಯ ನಮಗೆ ಕುಸ್ವಾರ್. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳೊಡನೆ ಈ ರೂಢಿಯೂ ಮಲೆನಾಡಿಗೆ ಬಂದಿತು.

ನೆವ್ರಿಯೊಳಗೆ ಎಳ್ಳು, ಕಾಯಿತುರಿ, ಸಕ್ಕರೆ. ಕಿಡಿಯೊ ಮಾಡಲು ಹಿಟ್ಟಿನ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಗುಲಾಬಿ ಹೂವಿನ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಹಿಡಿಯದು. ಕರಿದಾಗ ನೀರಿನಂಶ ಹೋಗುವುದರಿಂದ ಇವು ಮುಚ್ಚಿದ ಡಬ್ಬದಲ್ಲಿ ಮೂರು ರಾಯರ ಹಬ್ಬದವರೆಗೂ ಗರಿಗರಿಯಾಗಿರುತ್ತವೆ.

ಆದರೆ ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಕಾಲ. ಹಗಲೆಲ್ಲ ತೋಟ, ಕಣ; ರಾತ್ರಿ ಹಿಟ್ಟು ನಾದಲು ಕೈ ಸಾಲದು. ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬೇಕರಿಯಿಂದ ಪೊಟ್ಟಣ ತಂದರೆ ತಪ್ಪೇನಿಲ್ಲ. ಕುಸ್ವಾರಿನ ಅರ್ಥವಿರುವುದು ಹಂಚುವುದರಲ್ಲಿ.

ದೀಪಾವಳಿಗೆ, ರಂಜಾನಿಗೆ ನೆರೆಯವರು ಕೊಟ್ಟ ತಟ್ಟೆಯನ್ನು ನಾವು ತುಂಬಿಸಿ ಹಿಂದಿರುಗಿಸುತ್ತೇವೆ, ಅದು ಒಳ್ಳೆಯದೇ. ಆದರೆ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭುಯೇಸು, ಮರಳಿ ಕೊಡಲಾಗದವರನ್ನೇ ಊಟಕ್ಕೆ ಕರೆಯಲು ಹೇಳುತ್ತಾರೆ. ಹಣ್ಣು ಕೊಯ್ಯಲು ದೂರದಿಂದ ಬಂದು ಲೈನ್ ಮನೆಯಲ್ಲಿರುವ ಕುಟುಂಬ, ಈ ವರ್ಷ ಸಾವು ಕಂಡು ಒಲೆಗೆ ಬಾಣಲೆಯನ್ನೇ ಇಡದ ಮನೆ, ಒಂಟಿಯಾಗಿರುವ ಅಜ್ಜಿ: ಮೊದಲ ತಟ್ಟೆ ಅಲ್ಲಿಗೆ ಹೋಗಲಿ. ಗೋದಲಿ ಕಟ್ಟುವ ಮುಂಚೆಯೇ ಆ ಮನೆಗಳನ್ನು ಎಣಿಸಿಕೊಳ್ಳೋಣ.