ಬೆಕ್ಕಿನೊಡನೆ ಕಡಲ ದಾರಿಯಲ್ಲಿ

ಹಾವೇರಿ ಜಿಲ್ಲೆಯ ಹೊಸರಿತ್ತಿಯ ಮಗ್ಗುಲಲ್ಲಿ ಹರಿಯುವ ವರದಾ ನದಿಯ ಪಯಣ ಸ್ವಲ್ಪ ವಿಚಿತ್ರವಾದುದು. ಅದು ಹುಟ್ಟುವುದು ಸಾಗರ ತಾಲೂಕಿನ ವರದಾಮೂಲದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ಬಹಳ ದೂರವೇನೂ ಇಲ್ಲ. ಆದರೆ ನದಿ ಆ ಕಡೆ ತಿರುಗಿಯೂ ನೋಡದೆ ಬನವಾಸಿಯನ್ನು ಬಳಸಿ, ಹೊಸರಿತ್ತಿಯನ್ನು ದಾಟಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ ಕೊನೆಗೆ ಬಂಗಾಳ ಕೊಲ್ಲಿಯ ಪಾಲಾಗುತ್ತದೆ. ಬಯಲು ನಾಡಿನ ನಮ್ಮ ಅನೇಕ ಸಹೋದರಿಯರ ಬದುಕೂ ಹೀಗೆಯೇ ಇದೆ. ಹಾವೇರಿಯಿಂದ ಹಾನಗಲ್, ಶಿರಸಿ ಮಾರ್ಗವಾಗಿ ಕುಮಟಾಕ್ಕೆ ಇರುವ ದೂರ ಸುಮಾರು 140 ಕಿಲೋಮೀಟರ್. ಅರ್ಧ ದಿನದ ದಾರಿ. ಆದರೂ ಕಡಲನ್ನು ಕಣ್ತುಂಬ ನೋಡದೆ ಆಯುಷ್ಯ ಕಳೆದವರು ಎಷ್ಟು ಮಂದಿ!

ಹಾಗೆಂದು ಈ ನೆಲದವರು ಕಡಲಿಗೆ ಹೋಗಿಯೇ ಇಲ್ಲ ಎಂದಲ್ಲ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಳೆದದ್ದು ಇಲ್ಲಿ, ಹಡಗು ಹತ್ತಿದ್ದು ಅಲ್ಲಿ. ಆದ್ದರಿಂದ ಹೊರಗಿನ ವ್ಯಾಪಾರಿಗಳಿಗೆ ಅದು 'ಕುಮಟಾ ಹತ್ತಿ' ಆಯಿತು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ ಎಂಬ ತರುಣ 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಯ ಕಡಲ ತೀರದವರೆಗೂ ನಡೆದರು. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದರು. ವ್ಯಾಪಾರಕ್ಕಾಗಿ, ಹೋರಾಟಕ್ಕಾಗಿ ಹೀಗೆ ಕಡಲಿನವರೆಗೆ ಹೋದವರು ಹೆಚ್ಚಾಗಿ ಗಂಡಸರು.

ಈಗ ಕಾಲ ಬದಲಾಗಿದೆ. ಸಣ್ಣದೊಂದು ವ್ಯಾನಿನಲ್ಲಿ ಹಾಸಿಗೆ, ಒಲೆ, ನೀರಿನ ಕ್ಯಾನು ಇಟ್ಟುಕೊಂಡು, ಮುದ್ದಿನ ಪ್ರಾಣಿಯನ್ನೂ ಜೊತೆಗೆ ಕೂರಿಸಿಕೊಂಡು ಕರಾವಳಿಯುದ್ದಕ್ಕೂ ಒಬ್ಬರೇ ಸಂಚರಿಸುವವರಿದ್ದಾರೆ. ಅವರಲ್ಲಿ ಮಹಿಳೆಯರೂ ಇದ್ದಾರೆ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಅಂತಹ ಚಿತ್ರ ತೋರಿಸಿ "ಅಮ್ಮೀ, ನಾನೂ ಹೋಗಲಾ?" ಎಂದು ಕೇಳಿದರೆ ನಾವೇನು ಹೇಳುತ್ತೇವೆ? ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಹೂಂ ಎಂದು ಬಿಡುವುದೂ ಸುಲಭ. ಎರಡಕ್ಕಿಂತ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಹೊರಟು ನಿಂತವರು

ಮಾಹೆ ಮೂಲದ ನಾಜಿ ನೌಶಿ ಐದು ಮಕ್ಕಳ ತಾಯಿ. 2022ರ ಅಕ್ಟೋಬರಿನಲ್ಲಿ ಆಕೆ ಕೇರಳದಿಂದ ತನ್ನ ಥಾರ್ ಜೀಪಿನಲ್ಲಿ ಒಬ್ಬರೇ ಹೊರಟರು. ಗುರಿ ಕತಾರ್, ಕಾರಣ ವಿಶ್ವಕಪ್ ಫುಟ್ಬಾಲ್. ಮುಂಬೈಯಿಂದ ವಾಹನವನ್ನು ಹಡಗಿನಲ್ಲಿ ಒಮಾನಿಗೆ ಸಾಗಿಸಿ, ಅಲ್ಲಿಂದ ಮತ್ತೆ ತಾವೇ ಚಲಾಯಿಸಿದರು. ಜೀಪಿನಲ್ಲೇ ಪುಟ್ಟ ಅಡುಗೆಮನೆ, ಅಕ್ಕಿ, ಹಿಟ್ಟು, ಮಸಾಲೆ, ನೀರು. ಮಲಗಲು ಜೀಪಿನ ಮೇಲೆ ಡೇರೆ. ಹೋಟೆಲಿನ ಖರ್ಚೂ ಇಲ್ಲ, ಹೊಟ್ಟೆ ಕೆಡುವ ಭಯವೂ ಇಲ್ಲ. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿಗೆ ಬೈಕಿನಲ್ಲಿ ಹೊರಟವರು. ಇಬ್ಬರದೂ ಒಂದು ದಿನದ ಹುಮ್ಮಸ್ಸಿನ ಸಾಹಸವಲ್ಲ. ಚಿಕ್ಕ ಪ್ರಯಾಣಗಳಿಂದ ಆರಂಭಿಸಿ ವರ್ಷಗಟ್ಟಲೆ ರಸ್ತೆಯನ್ನು ಕಲಿತವರು ಅವರು.

ಪ್ರಾಣಿಯೊಂದಿಗೆ ಹೀಗೆ ಸುತ್ತಿದವರಲ್ಲಿ ಹೆಸರಾದವರು ಅಮೇರಿಕದ ಸಾಹಿತಿ ಜಾನ್ ಸ್ಟೈನ್‌ಬೆಕ್. 1960ರಲ್ಲಿ ಅವರು ಟ್ರಕ್ಕೊಂದರ ಮೇಲೆ ಪುಟ್ಟ ಮನೆ ಕಟ್ಟಿಸಿ, ಚಾರ್ಲಿ ಎಂಬ ನಾಯಿಯೊಡನೆ ದೇಶ ಸುತ್ತಿದರು. ದಾರಿ ಮಧ್ಯೆ ಚಾರ್ಲಿಗೆ ಕಾಯಿಲೆಯಾಯಿತು. ಪ್ರಯಾಣ ನಿಲ್ಲಿಸಿ ಪಶುವೈದ್ಯರನ್ನು ಹುಡುಕಬೇಕಾಯಿತು. ಜಗತ್ತಿಗೆಲ್ಲ ಹೆಸರಾದ ಲೇಖಕನ ಪ್ರಯಾಣದ ವೇಗವನ್ನೂ ಅಲ್ಲಿ ನಾಯಿಯ ಆರೋಗ್ಯವೇ ನಿರ್ಧರಿಸಿತು.

ಅದು ನಮ್ಮ ಅಮಾನತು

ನಮ್ಮ ಮನೆಗಳಲ್ಲಿ ಬೆಕ್ಕಿಗೆ ವಿಶೇಷ ಸ್ಥಾನವಿದೆ. ಪ್ರಸಿದ್ಧ ಸಹಾಬಿ ಅಬೂ ಹುರೈರಾರ(ರ) ಆ ಹೆಸರಿನ ಅರ್ಥವೇ ಬೆಕ್ಕಿನ ಮರಿಯ ತಂದೆ ಎಂದು. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಹೋಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೊಳಗಾದ ವಿಷಯವನ್ನು ಪ್ರವಾದಿಯವರು(ಸ) ತಿಳಿಸಿದ್ದು ನಮಗೆಲ್ಲ ಗೊತ್ತಿದೆ. ಮನೆಯಲ್ಲಿರುವ ಬೆಕ್ಕು ಹಸಿದರೆ ನೆರೆಮನೆಯ ಕಿಟಕಿ ಹಾರೀತು. ಬಿಸಿಲು ತಾಗಿದರೆ ಮಂಚದ ಕೆಳಗೆ ಸೇರೀತು. ಬಾಗಿಲು ಹಾಕಿದ ವ್ಯಾನಿನಲ್ಲಿರುವ ಬೆಕ್ಕಿಗೆ ಈ ಯಾವ ದಾರಿಯೂ ಇಲ್ಲ. ಪ್ರವಾಸದ ಆಸೆ ನಮ್ಮದು, ಅದು ಕೇಳಿಕೊಂಡು ಬಂದದ್ದಲ್ಲ.

ಮೊದಲನೆಯ ಅಪಾಯ ಬಿಸಿಲು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಹೊರಗಿಗಿಂತ 10 ಡಿಗ್ರಿಯಷ್ಟು ಏರಬಹುದು, ಅರ್ಧ ಗಂಟೆಯಲ್ಲಿ 20 ಡಿಗ್ರಿಯ ಹತ್ತಿರಕ್ಕೆ ಹೋಗಬಹುದು. ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರೂ ದೊಡ್ಡ ವ್ಯತ್ಯಾಸವಾಗದು. "ಒಂದು ಎಳನೀರು ಕುಡಿದು ಬರುತ್ತೇನೆ" ಎಂದು ಹೋಗಿ ಬರುವಷ್ಟರಲ್ಲಿ ಪ್ರಾಣ ಹೋದೀತು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಗಂಭೀರ ಲಕ್ಷಣ. ತಕ್ಷಣ ನೆರಳಿಗೆ ಒಯ್ದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕುತ್ತಾ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಎರಡನೆಯದು ಅಭ್ಯಾಸ. ಬೆಕ್ಕು ಮನುಷ್ಯರಿಗಿಂತ ಜಾಗವನ್ನು ಹೆಚ್ಚು ನೆಚ್ಚಿಕೊಂಡಿರುವ ಪ್ರಾಣಿ. ಹೊರಡುವುದಕ್ಕೆ ಕೆಲವು ವಾರಗಳ ಮೊದಲೇ ಅದರ ಬುಟ್ಟಿಯನ್ನು ಮನೆಯಲ್ಲಿ ತೆರೆದಿಡಿ, ಊಟವನ್ನೂ ಅದರೊಳಗೇ ಕೊಡಿ. ನಂತರ ನಿಂತ ವ್ಯಾನಿನಲ್ಲಿ ಕೂರಿಸಿ, ಆಮೇಲೆ ಊರ ಸುತ್ತ ಒಂದೆರಡು ಸುತ್ತು. ಇಷ್ಟಾದರೂ ಉಗುಳು ಸುರಿಸುತ್ತಾ ಅರಚುತ್ತಲೇ ಇದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದು ದಯೆ. ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಆಹಾರ ನಿಲ್ಲಿಸಿದರೆ ವಾಂತಿ ಕಡಿಮೆ. ರೇಬೀಸ್ ಚುಚ್ಚುಮದ್ದು ಆಗಿರಲೇಬೇಕು, ಅದರ ಚೀಟಿ ವ್ಯಾನಿನಲ್ಲಿರಬೇಕು. ಕುತ್ತಿಗೆ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಬರೆದಿರಿ. ವ್ಯಾನಿನ ಬಾಗಿಲು ತೆರೆಯುವ ಮೊದಲು ಬೆಕ್ಕು ಬುಟ್ಟಿಯಲ್ಲಿದೆಯೇ ಎಂದು ನೋಡುವುದು ನಿಯಮವಾಗಲಿ. ಹೆದ್ದಾರಿ ಬದಿಯಲ್ಲಿ ಹಾರಿಹೋದ ಬೆಕ್ಕು ಮತ್ತೆ ಸಿಗುವುದು ಕಷ್ಟ.

ಕಡಲ ತೀರದಲ್ಲಿ ಮತ್ತಷ್ಟು ಎಚ್ಚರ ಬೇಕು. ಪ್ರಾಣಿಗಳು ಉಪ್ಪು ನೀರು ಕುಡಿದರೆ ವಾಂತಿ ಭೇದಿಯಾಗುತ್ತದೆ. ದಡಕ್ಕೆ ಬಿದ್ದ ಮೀನುಗಳಲ್ಲಿ ವಿಷದ ಜಾತಿಗಳೂ ಇರುತ್ತವೆ. ಬೀದಿ ನಾಯಿಗಳ ಕಾಟ ಬೇರೆ. ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರದ ಕಾಸರಕೋಡು ಮುಂತಾದ ಕಡೆ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಅಂತಹ ತೀರಕ್ಕೆ ವಾಹನ ಇಳಿಸುವುದು, ರಾತ್ರಿ ದೀಪ ಹಚ್ಚುವುದು, ಸಾಕುಪ್ರಾಣಿಯನ್ನು ಸಡಿಲ ಬಿಡುವುದು ಮೂರೂ ಕೂಡದು.

ದಾರಿಯಲ್ಲಿ ತಿಳಿದಿರಬೇಕಾದದ್ದು

ಹೊರಡಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ಅಥವಾ ಮಳೆಯ ಕಾರಣ ಸಂಚಾರ ನಿಲ್ಲಿಸುವುದುಂಟು. ಮೊದಲೇ ವಿಚಾರಿಸಿ. ಘಟ್ಟದ ಕಾಡು ತಂಪಾಗಿದೆಯೆಂದು ಅಲ್ಲಿ ಡೇರೆ ಹಾಕಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಸೀಮೆಯಲ್ಲಿ ಇಂದಿಗೂ ಇದೆ. ಚಳಿಗಾಲದಿಂದ ಬೇಸಿಗೆಯವರೆಗೆ ಉಣ್ಣೆಗಳ ಮೂಲಕ ಹರಡುವ ರೋಗವದು. ಸಾಕುಪ್ರಾಣಿಯ ಮೈಗೆ ಹತ್ತಿದ ಉಣ್ಣೆ ನಿಮ್ಮ ಹಾಸಿಗೆಗೂ ಬರುತ್ತದೆ.

ಕುಮಟಾದಲ್ಲಿ ಕರಾವಳಿ ಹೆದ್ದಾರಿ 66 ಸಿಗುತ್ತದೆ. ಉತ್ತರಕ್ಕೆ ಅಂಕೋಲಾ, ಕಾರವಾರ. ದಕ್ಷಿಣಕ್ಕೆ ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ನದಿ ಇರುವ ಮರವಂತೆ, ಮಲ್ಪೆ, ಪಡುಬಿದ್ರಿ, ಮಂಗಳೂರು. ಕಾಸರಕೋಡು ಮತ್ತು ಪಡುಬಿದ್ರಿ ತೀರಗಳಿಗೆ 2020ರಲ್ಲಿ 'ಬ್ಲೂ ಫ್ಲಾಗ್' ಮಾನ್ಯತೆ ದೊರಕಿತು.

ಎಲ್ಲಕ್ಕಿಂತ ಮುಖ್ಯವಾದುದು ರಾತ್ರಿ ವ್ಯಾನು ಎಲ್ಲಿ ನಿಲ್ಲುತ್ತದೆ ಎಂಬುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಚಹಾದಂಗಡಿಯ ಕುಟುಂಬ ಮಣ್ಣುಪಾಲಾಯಿತು. ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು 71 ದಿನಗಳ ನಂತರ, ಸೆಪ್ಟೆಂಬರ್ 25ರಂದು. ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಎಂದಿಗೂ ವಾಹನ ನಿಲ್ಲಿಸಬಾರದು. ಅದೇ ವರ್ಷದ ಡಿಸೆಂಬರಿನಲ್ಲಿ ಕೇರಳದ ವಡಗರದ ಬಳಿ ಹೆದ್ದಾರಿ ಪಕ್ಕ ನಿಂತಿದ್ದ ಕಾರವಾನಿನಲ್ಲಿ ಇಬ್ಬರು ಶವವಾಗಿ ಸಿಕ್ಕಿದರು. ಜನರೇಟರಿನಿಂದ ಹೊಮ್ಮಿದ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಅವರನ್ನು ಬಲಿ ತೆಗೆದುಕೊಂಡಿತ್ತು. ಇಂಜಿನ್, ಜನರೇಟರ್, ಇದ್ದಿಲು, ಗ್ಯಾಸ್ ಒಲೆ, ಇವುಗಳಲ್ಲಿ ಯಾವುದನ್ನೂ ಉರಿಸಿಟ್ಟು ಮುಚ್ಚಿದ ವಾಹನದಲ್ಲಿ ಮಲಗಬೇಡಿ. ಅಡುಗೆ ಹೊರಗೆ ಇರಲಿ.

ಜನರಿಂದ ಬರುವ ಅಪಾಯವನ್ನೂ ಮುಚ್ಚಿಡಬೇಕಾಗಿಲ್ಲ. 2025ರ ಮಾರ್ಚಿನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ ರಾತ್ರಿ ಕಾಲುವೆ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲ್ಪಟ್ಟ ಯುವಕನೊಬ್ಬ ಸತ್ತ. ಅವರು ಒಂಟಿಯಾಗಿರಲಿಲ್ಲ, ಗುಂಪಿನಲ್ಲಿದ್ದರು ಎಂಬುದನ್ನು ಗಮನಿಸಬೇಕು. ಜೊತೆಗೆ ಎಷ್ಟು ಜನರಿದ್ದಾರೆ ಎಂಬಷ್ಟೇ ಮುಖ್ಯ, ಸುತ್ತಮುತ್ತ ಯಾರಿದ್ದಾರೆ ಎಂಬುದು. ಆದ್ದರಿಂದ ನಿರ್ಜನ ಕಡಲತೀರದ ಬದಲು ದಿನವಿಡೀ ತೆರೆದಿರುವ ಪೆಟ್ರೋಲ್ ಬಂಕ್, ಅಂಗಳವಿರುವ ಹೋಂಸ್ಟೇ, ಪರಿಚಿತರ ಕಾಂಪೌಂಡು ಇವನ್ನೇ ಆರಿಸಿ. ಕತ್ತಲಾಗುವ ಮೊದಲೇ ಅಲ್ಲಿ ತಲುಪಿ. ವ್ಯಾನಿನ ಮುಖ ರಸ್ತೆಯ ಕಡೆಗಿರಲಿ, ಕೀಲಿಕೈ ಕೈಗೆಟಕುವಲ್ಲಿರಲಿ. ಎಲ್ಲಿದ್ದೀರಿ ಎಂಬುದನ್ನು ಮನೆಯವರಿಗೆ ನಿತ್ಯ ತಿಳಿಸಿ, ಆದರೆ ಫೋಟೋಗಳನ್ನು ಲೋಕಕ್ಕೆ ಹಂಚುವುದು ಆ ಜಾಗ ಬಿಟ್ಟ ಮೇಲೆ ಸಾಕು. ತುರ್ತಿಗೆ 112, ಹೆದ್ದಾರಿ ಸಹಾಯಕ್ಕೆ 1033, ಕರಾವಳಿ ಕಾವಲು ಪೊಲೀಸರಿಗೆ 1093.

ಇನ್ನು ಸಮುದ್ರ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ನೀರುಪಾಲಾದರು. ಅದು ಮಳೆಗಾಲವಾಗಿರಲಿಲ್ಲ. ದಡದಿಂದ ಒಳಕ್ಕೆ ಎಳೆಯುವ ಸೆಳೆತ ಹೊರಗಿನಿಂದ ಶಾಂತವಾಗಿಯೇ ಕಾಣುತ್ತದೆ. ಒಂಟಿಯಾಗಿ ಹೋದವರು ಪಾದ ತೊಳೆಯುವಷ್ಟು ನೀರಿಗೆ ಮಾತ್ರ ಇಳಿಯುವುದು ಕ್ಷೇಮ.

ವ್ಯಾನಿನ ಬಗ್ಗೆಯೂ ಒಂದು ಮಾತು. 2019ರಲ್ಲಿ ತಯಾರಿ ನಿಂತರೂ ಓಮ್ನಿ ನಮ್ಮ ಊರುಗಳಲ್ಲಿ ಇನ್ನೂ ಓಡುತ್ತಿದೆ. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದರೆ ಅದೇ ಸಾಕು. ಆದರೆ ವಾಹನದ ರಚನೆಯನ್ನೇ ಬದಲಿಸುವುದಾದರೆ ಸಾರಿಗೆ ಕಚೇರಿಯ ಅನುಮತಿ ಬೇಕು. ಚಕ್ರ ಬದಲಿಸುವುದನ್ನು ಮನೆಯಂಗಳದಲ್ಲೇ ಕಲಿತಿರಬೇಕು.

ಮನೆಯಲ್ಲಿ ಆಗಬೇಕಾದ ಮಾತು

ಮಹ್ರಮ್ ಇಲ್ಲದೆ ಮಹಿಳೆ ದೂರ ಪ್ರಯಾಣಿಸುವ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಕೂಡದೆಂಬುದು ಹೆಚ್ಚಿನವರ ನಿಲುವು. ದಾರಿ ಸುರಕ್ಷಿತವಾಗಿದ್ದರೆ ಸಲ್ಲುತ್ತದೆ ಎಂದವರೂ ಇದ್ದಾರೆ. ನಮ್ಮ ದೇಶದಲ್ಲಿ 2018ರಿಂದ 45 ವರ್ಷ ಮೀರಿದ ಮಹಿಳೆಯರು ಮಹ್ರಮ್ ಇಲ್ಲದೆಯೇ ತಂಡವಾಗಿ ಹಜ್ಜಿಗೆ ಹೋಗುತ್ತಿದ್ದಾರೆ. ಎರಡೂ ಅಭಿಪ್ರಾಯಗಳು ನೋಡುತ್ತಿರುವುದು ಒಂದೇ ಕಡೆಗೆ, ಆಕೆಯ ಸುರಕ್ಷತೆ ಮತ್ತು ಗೌರವ. ಈ ಪ್ರಶ್ನೆಯನ್ನು ಮನೆಯವರು ಕೂಡಿ ಕುಳಿತು, ತಿಳಿದವರಲ್ಲಿ ಕೇಳಿ ತೀರ್ಮಾನಿಸಲಿ. ಮಗಳು ಒಬ್ಬಳೇ ಹೋಗುವುದು ಬೇಡವೆನಿಸಿದರೆ ತಾಯಿ ಜೊತೆಗೆ ಹೋಗಬಾರದೇಕೆ? ಅಣ್ಣ ಒಂದು ವಾರ ರಜೆ ಹಾಕಬಾರದೇಕೆ? 'ಒಂಟಿಯಾಗಿ ಬೇಡ' ಎಂಬ ಮಾತು 'ಎಂದೂ ಬೇಡ' ಎಂದಾಗದಿರಲಿ.

ಹೋಗುವವರು ಯಾರೇ ಆಗಲಿ, ಒಂದು ವಿಷಯ ಗಮನಿಸಿ. ಎರಡು ಗಂಟೆಗೊಮ್ಮೆ ನಿಲ್ಲುವುದು, ನೆರಳು ಹುಡುಕುವುದು, ಬಿಸಿಲು ಏರುವ ಮೊದಲೇ ಹೊರಟು ಕತ್ತಲಾಗುವ ಮೊದಲೇ ತಂಗುವುದು, ಗಾಳಿಯಾಡುವಂತೆ ನೋಡಿಕೊಳ್ಳುವುದು, ಗದ್ದಲವಿಲ್ಲದ ಆದರೆ ಜನವಿರುವ ಜಾಗ ಆರಿಸುವುದು, ಹತ್ತಿರದ ಆಸ್ಪತ್ರೆ ಎಲ್ಲಿದೆಯೆಂದು ತಿಳಿದಿರುವುದು, ಇವೆಲ್ಲ ಬೆಕ್ಕಿನ ಸಲುವಾಗಿ ಮಾಡಬೇಕಾದ ಕೆಲಸಗಳು. ಒಬ್ಬ ಮಹಿಳೆಯ ಸುರಕ್ಷಿತ ಪ್ರಯಾಣಕ್ಕೆ ಬೇಕಾದುದೂ ಹೆಚ್ಚು ಕಡಿಮೆ ಇಷ್ಟೇ. ಹಿಂದೆ ಹತ್ತಿಯ ಬಂಡಿ ಕುಮಟಾಕ್ಕೆ ಹೋಗುವಾಗಲೂ ಎತ್ತು ದಣಿದಲ್ಲಿ ಬಂಡಿ ನಿಲ್ಲಬೇಕಿತ್ತು, ನೀರಿದ್ದಲ್ಲಿ ರಾತ್ರಿ ಕಳೆಯಬೇಕಿತ್ತು. ಜೊತೆಗಿರುವ ಮೂಕಪ್ರಾಣಿಯ ದಣಿವನ್ನು ಅರಿತು ನಡೆಯುವವರು ತಮ್ಮ ಜೀವವನ್ನೂ ಅಪಾಯಕ್ಕೆ ಒಡ್ಡುವುದಿಲ್ಲ.

ಮೊದಲ ಸಲಕ್ಕೆ ಕಾರವಾರವೂ ಬೇಡ, ಮಂಗಳೂರೂ ಬೇಡ. ಕುಮಟಾದವರೆಗೆ ಹೋಗಿ, ಒಂದು ರಾತ್ರಿ ತಂಗಿ, ಮರುದಿನ ಹಿಂದಿರುಗಿ ಬನ್ನಿ. ಬೆಕ್ಕು ಮನೆಗೆ ಬಂದ ಕೂಡಲೇ ಎಂದಿನಂತೆ ಉಂಡು ಮಲಗಿತೆಂದರೆ ಮುಂದಿನ ಸಲ ಸ್ವಲ್ಪ ದೂರ ಹೋಗಬಹುದು.