ಊರೂರುಗಳಲ್ಲಿ ಹರಡಿರುವ ವಿಶ್ವವಿದ್ಯಾನಿಲಯ

ಚಿಕ್ಕಮಗಳೂರಿನಿಂದ ಕೈಮರವನ್ನು ದಾಟಿ, ಕಾಫಿ ತೋಟಗಳ ನಡುವಣ ತಿರುವುಗಳನ್ನು ಏರಿ ಹೋದರೆ, ಬಾಬಾಬುಡನ್‌ಗಿರಿಯ ದಾರಿಯಲ್ಲಿ ಅತ್ತಿಗುಂಡಿ ಎಂಬ ಊರು ಸಿಕ್ಕುತ್ತದೆ. ಇಲ್ಲಿಯ ವಿದ್ಯಾರ್ಥಿನಿಯೊಬ್ಬಳು ಪಿ.ಯು.ಸಿ. ಮುಗಿಸಿ, ಇಂಜಿನಿಯರಿಂಗ್ ಓದಲು ಬೆಟ್ಟವಿಳಿದು ಚಿಕ್ಕಮಗಳೂರಿನ ಕಾಲೇಜನ್ನು ಸೇರಿದಳೆಂದು ಭಾವಿಸೋಣ. ನಾಲ್ಕು ವರ್ಷಗಳ ತರುವಾಯ ಆಕೆಗೆ ಪದವಿಯನ್ನು ಕೊಡುವುದು ಆ ಕಾಲೇಜಲ್ಲ. ಸುಮಾರು 400 ಕಿಲೋಮೀಟರು ದೂರದ ಬೆಳಗಾವಿಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಬೆಳಗಾವಿಯನ್ನು ಒಮ್ಮೆಯೂ ಕಾಣದೆ ಆಕೆ ಅದರ ಪದವೀಧರೆಯಾಗಬಹುದು. ಇದೆಂಥ ವಿಶ್ವವಿದ್ಯಾನಿಲಯ ಎಂದು ನಮ್ಮ ತರುಣ ವಾಚಕರು ಕೇಳಿದರೆ ಆಶ್ಚರ್ಯವಿಲ್ಲ.

ಉನ್ನತ ವಿದ್ಯಾಸಂಸ್ಥೆಗಳಲ್ಲಿ ಎರಡು ಬಗೆಯುಂಟು. ಒಂದೇ ಆವರಣದೊಳಗೆ ಗುರುಗಳೂ ಶಿಷ್ಯರೂ ವಾಸಿಸಿ, ಅಲ್ಲಿಯೇ ಪಾಠ, ಪ್ರಯೋಗ, ಪರೀಕ್ಷೆಗಳೆಲ್ಲವೂ ನಡೆಯುವುದು ಒಂದು ಬಗೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದಕ್ಕೆ ಒಳ್ಳೆಯ ನಿದರ್ಶನ. ಮತ್ತೊಂದು ಬಗೆಯದು, ಬೇರೆಬೇರೆ ಊರುಗಳ ಕಾಲೇಜುಗಳಿಗೆ ಪಠ್ಯಕ್ರಮವನ್ನು ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿ ಕೊಡುವ ಸಂಯೋಜಕ ವಿಶ್ವವಿದ್ಯಾನಿಲಯ. 1857ರಲ್ಲಿ ಲಂಡನ್ನಿನ ಮಾದರಿಯಂತೆ ಕಲ್ಕತ್ತಾ, ಮುಂಬಯಿ, ಮದರಾಸುಗಳಲ್ಲಿ ಹುಟ್ಟಿದವು ಇಂಥವೇ. ಬೆಳಗಾವಿಯದೂ ಇದೇ ವಂಶಕ್ಕೆ ಸೇರಿದುದು.

ಅದು ಹೊತ್ತಿರುವ ಹೆಸರಿನ ಹಿಂದೆ ಒಂದು ಕಥೆಯಿದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಮೇಲೆ ಇಂಜಿನಿಯರಿಂಗ್ ಕಲಿಯಲು ಪುಣೆಗೆ ಹೋಗಬೇಕಾಯಿತು. ಮೈಸೂರು ಸೀಮೆಯಲ್ಲಿ ಆಗ ಅಂಥ ಕಾಲೇಜೇ ಇರಲಿಲ್ಲ. ಮುಂದೆ ಅವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೈಸೂರು, ಹುಬ್ಬಳ್ಳಿಗಳಲ್ಲಿ, 1960ರಲ್ಲಿ ಹಾಸನ, ಸುರತ್ಕಲ್ಲುಗಳಲ್ಲಿ, 1980ರಲ್ಲಿ ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಎದ್ದವು. ಇವು ಬೇರೆಬೇರೆ ವಿಶ್ವವಿದ್ಯಾನಿಲಯಗಳ ಅಧೀನದಲ್ಲಿದ್ದುದರಿಂದ ಪಠ್ಯವೂ ಪರೀಕ್ಷೆಯ ಕಾಲವೂ ಒಂದೊಂದು ಕಡೆ ಒಂದೊಂದು ತೆರನಾಗಿದ್ದುವು. ಬಹುಮಟ್ಟಿಗೆ ಇವನ್ನೆಲ್ಲ ಒಂದೇ ಸೂರಿನಡಿ ತರಲು 1994ರ ಕಾನೂನಿನಂತೆ 1998ರ ಏಪ್ರಿಲ್ 1ರಂದು ಹೊಸ ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಈಗ ಇನ್ನೂರಕ್ಕೂ ಹೆಚ್ಚು ಕಾಲೇಜುಗಳು ಇದರ ಸಂಯೋಜನೆಯಲ್ಲಿವೆ.

ಇಷ್ಟು ದೊಡ್ಡ ಸಂಸಾರದಲ್ಲಿ ಯಾರು ಯಾರೆಂದು ಗುರುತಿಸುವುದು ಹೇಗೆ? ಪ್ರತಿಯೊಬ್ಬರಿಗೂ ಹತ್ತು ಅಕ್ಷರಾಂಕಗಳ ಒಂದು ಸಂಖ್ಯೆಯುಂಟು. ಮೊದಲನೆಯ ಅಂಕಿ ವಲಯವನ್ನು ಸೂಚಿಸುತ್ತದೆ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಅನಂತರದ ಎರಡು ಅಕ್ಷರ ಕಾಲೇಜಿನವು. ಆಮೇಲೆ ಸೇರಿದ ವರ್ಷ, ಓದುವ ಶಾಖೆ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯದವರ ಸಂಖ್ಯೆ 4ಎಐ ಎಂದು ತೊಡಗುತ್ತದೆ. ಬಲ್ಲವರು ಈ ಸಂಖ್ಯೆಯನ್ನು ಜಾತಕದಂತೆ ಓದಿಬಿಡುತ್ತಾರೆ!

ಸೇರುವ ದಾರಿ ಸಾಮಾನ್ಯ ಪ್ರವೇಶ ಪರೀಕ್ಷೆ. ಅದರ ಅಂಕಗಳಿಗೆ ಅರ್ಧ, ಪಿ.ಯು.ಸಿ. ಅಂಕಗಳಿಗೆ ಅರ್ಧ ತೂಕಕೊಟ್ಟು ಸ್ಥಾನವನ್ನು ನಿರ್ಣಯಿಸುತ್ತಾರೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿಯೇ ಓದಿದವರಿಗೆ ಮೀಸಲಾತಿಯುಂಟು; ಆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೊಂದುಂಟು. ಬೆಟ್ಟದ ಶಾಲೆಗಳಲ್ಲಿ ಓದಿದವರು ಈ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಲೇಸು. ಕೊನೆಯ ವಾರದಲ್ಲಿ ಕಚೇರಿಗಳಿಗೆ ಅಲೆಯುವುದು ಸುಖವಲ್ಲ.

ಮೊದಲ ವರ್ಷ ಎರಡು ಚಕ್ರಗಳಲ್ಲಿ ಸಾಗುತ್ತದೆ. ಅರ್ಧದಷ್ಟು ವಿದ್ಯಾರ್ಥಿಗಳು ಭೌತಶಾಸ್ತ್ರದ ಗುಂಪಿನ ವಿಷಯಗಳನ್ನು, ಉಳಿದರ್ಧ ರಸಾಯನಶಾಸ್ತ್ರದ ಗುಂಪಿನವನ್ನು ಓದಿ, ಮುಂದಿನ ಸೆಮಿಸ್ಟರಿನಲ್ಲಿ ಅದಲುಬದಲಾಗುತ್ತಾರೆ. ಹೀಗಾಗಿ ಒಂದೇ ಪ್ರಯೋಗಶಾಲೆಗೆ ಎಲ್ಲರೂ ಒಮ್ಮೆಗೇ ನುಗ್ಗುವ ಪ್ರಮೇಯವಿಲ್ಲ. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಅರಿಯದವರಿಗೆ ‘ಬಳಕೆ ಕನ್ನಡ’ ಎಂಬ ಪಾಠಗಳೂ ಇವೆ. ಹಾಜರಿ ಶೇಕಡ 85 ಇರಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಮುಂಗಾರಿನಲ್ಲಿ ಮರ ಉರುಳಿ ದಾರಿ ಕಟ್ಟುವ ಊರುಗಳಿಂದ ದಿನವೂ ಬಂದು ಹೋಗುವುದು ಕಷ್ಟವಾದುದರಿಂದ ಬೆಟ್ಟದ ಮಕ್ಕಳಿಗೆ ವಿದ್ಯಾರ್ಥಿನಿಲಯವೇ ಎರಡನೆಯ ಮನೆ. ಬೀದರಿನವರೂ ಬಳ್ಳಾರಿಯವರೂ ಅಲ್ಲಿ ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಬಿಡಿಸದ ಲೆಕ್ಕಗಳೂ ಬರೆಯದ ರೆಕಾರ್ಡು ಪುಸ್ತಕಗಳೂ ರಾತ್ರಿ ಹೊತ್ತು ಅಲ್ಲಿ ಮುಗಿಯುತ್ತವೆ. ವಾರ್ಷಿಕೋತ್ಸವದ ನೃತ್ಯಗೀತಗಳ ಸಂಗತಿಯನ್ನು ನಾವು ಹೇಳಬೇಕಾದುದಿಲ್ಲ.

ಇನ್ನು ಪರೀಕ್ಷೆ. ಸಾಮಾನ್ಯವಾಗಿ ಅರ್ಧ ಅಂಕಗಳು ಕಾಲೇಜಿನಲ್ಲಿ ನಡೆಯುವ ಕಿರುಪರೀಕ್ಷೆ ಮುಂತಾದುವುಗಳಿಂದ, ಮಿಕ್ಕರ್ಧ ಸೆಮಿಸ್ಟರಿನ ಕೊನೆಯ ಮೂರು ಗಂಟೆಯ ಪರೀಕ್ಷೆಯಿಂದ. ಪಠ್ಯದಲ್ಲಿ ಐದು ಭಾಗಗಳು. ಪ್ರತಿ ಭಾಗದಿಂದ ಎರಡು ಪ್ರಶ್ನೆ ಕೇಳಿದ್ದರೆ ಒಂದಕ್ಕೆ ಉತ್ತರಿಸಿದರೆ ಸಾಕು. ಸ್ವಾಯತ್ತತೆ ಪಡೆದ ಕಾಲೇಜುಗಳು ಪಠ್ಯವನ್ನೂ ಪರೀಕ್ಷೆಯನ್ನೂ ತಾವೇ ನಡೆಸಿಕೊಳ್ಳುತ್ತವೆ. ಮಿಕ್ಕೆಡೆಗಳಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಪ್ರಶ್ನೆಪತ್ರಿಕೆ ಒಂದೇ. ಇದರಿಂದ ಸಣ್ಣ ಊರಿನ ಪದವಿಗೂ ರಾಜಧಾನಿಯ ಪದವಿಗೂ ಕಾಗದದ ಮೇಲಾದರೂ ಸಮಾನ ಬೆಲೆ ಬಂದಿದೆ, ಇದು ಅಲ್ಪವಲ್ಲ. ಆದರೆ ದೋಷವೂ ಇದರಲ್ಲಿಯೇ ಅಡಗಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಥಿಸಿ, ಕಷ್ಟವಾದುದನ್ನು ಬಿಟ್ಟು, ಬರುವಷ್ಟನ್ನು ಬಾಯಿಪಾಠ ಮಾಡಿ ಗೆದ್ದವರು ಅನೇಕರು. ಮೇಲಾಗಿ ಇಡೀ ನಾಡಿಗೆ ಒಂದೇ ಪ್ರಶ್ನೆ ಎಂದಮೇಲೆ, ಅತ್ತಿಗುಂಡಿಯ ಹಳ್ಳದ ನೀರನ್ನು ಕುರಿತು ಯಾರೂ ಪ್ರಶ್ನೆ ಕೇಳಲಾರರು.

ಆ ಹಳ್ಳಕ್ಕೆ ಬೇರೊಂದು ಬಾಗಿಲಿದೆ. ಮೊದಲ ವರ್ಷಕ್ಕೆ ಸೇರಿದವರು ಪದವಿಗೆ ಮುನ್ನ ಸಮಾಜದ ನಡುವೆ ದುಡಿದು 100 ಚಟುವಟಿಕೆ ಅಂಕಗಳನ್ನು ಗಳಿಸಬೇಕು. ಇವು ಶ್ರೇಣಿಗೆ ಸೇರವು, ಆದರೆ ಇವಿಲ್ಲದೆ ಪದವಿಯಿಲ್ಲ. ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಕಾರ್ಯವೂ ಇದೆ. ಎಷ್ಟೋ ಮಂದಿ ಇವನ್ನು ತೀರಿಸಬೇಕಾದ ಸಾಲವೆಂದು ಬಗೆದು ಹೇಗೋ ಮುಗಿಸುತ್ತಾರೆ. ನಮಗೆ ಕಾಣುವಂತೆ ಇಡೀ ವ್ಯಾಸಂಗದಲ್ಲಿ ಅತ್ಯಂತ ಫಲವತ್ತಾದ ನೆಲ ಇದೇ.

ಸಿವಿಲ್ ಶಾಖೆಯ ನಮ್ಮ ವಿದ್ಯಾರ್ಥಿನಿಯ ಮಾತನ್ನೇ ತೆಗೆದುಕೊಳ್ಳೋಣ. ಕುಯ್ಲಿನ ಕಾಲದಲ್ಲಿ ತೋಟದ ಪಲ್ಪರು ಕಾಫಿ ಹಣ್ಣಿನ ಸಿಪ್ಪೆಯನ್ನು ಬಿಡಿಸುತ್ತದೆ. ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆದ ನೀರಿನಲ್ಲಿ ಸಕ್ಕರೆಯೂ ಪೆಕ್ಟಿನ್ನೂ ತುಂಬಿರುತ್ತವೆ. ಹಳ್ಳ ಸೇರಿದ ಇವನ್ನು ಸೂಕ್ಷ್ಮಜೀವಿಗಳು ತಿಂದು ಬೆಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗಿ, ಮೀನುಗಳು ಉಸಿರುಕಟ್ಟುತ್ತವೆ. ಎಷ್ಟು ಖರ್ಚಾಗುವುದೆಂದು ಅಳೆಯುವ ಕ್ರಮ ಆಕೆಯ ಪ್ರಯೋಗಶಾಲೆಯಲ್ಲಿಯೇ ಇದೆ. ನೀರನ್ನು ತಕ್ಕಷ್ಟು ತೆಳುಮಾಡಿ, ಬಿಗಿಯಾದ ಸೀಸೆಯಲ್ಲಿ ತುಂಬಿ, ಕತ್ತಲಲ್ಲಿ 27 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಮೂರು ದಿನವಿಟ್ಟು, ಆಮ್ಲಜನಕವನ್ನು ಮೊದಲೊಮ್ಮೆ ಕೊನೆಗೊಮ್ಮೆ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಪಲ್ಪರು ಮನೆಯ ಮೇಲ್ಗಡೆ ಒಂದು ಸೀಸೆ, ಕೆಳಗಡೆ ಒಂದು ಸೀಸೆ ತುಂಬಿದರೆ ಕೆಲಸ ಆರಂಭವಾದಂತೆಯೇ. ಕಷ್ಟವಿರುವುದು ಸಾಗಣೆಯಲ್ಲಿ: ಸೀಸೆಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಅದೇ ದಿನ ಕಾಲೇಜಿಗೆ ಮುಟ್ಟಿಸಬೇಕು.