ಮಂಜುಗಡ್ಡೆಯ ಮೇಲಣ ಪಾಚಿಗಳು ಮತ್ತು ಗ್ರೀನ್‌ಲ್ಯಾಂಡ್

ಗ್ರೀನ್‌ಲ್ಯಾಂಡಿನ ಬಹುಭಾಗವನ್ನು ಆವರಿಸಿರುವ ಮಂಜುಗಡ್ಡೆಯ ಹಾಸು ಸಂಪೂರ್ಣವಾಗಿ ಕರಗಿದರೆ ಜಗತ್ತಿನ ಸಮುದ್ರಮಟ್ಟವು ಸುಮಾರು 7 ಮೀಟರ್ ಏರುವುದು. ಈ ಕರಗುವಿಕೆಗೆ ವಾತಾವರಣದ ಉಷ್ಣತೆಯೊಂದೇ ಕಾರಣವಲ್ಲ. ಹಾಸಿನ ಮೇಲ್ಮೈಯಲ್ಲಿ ಬೆಳೆಯುವ ಸೂಕ್ಷ್ಮಪಾಚಿಗಳಿಗೂ ಅದರಲ್ಲಿ ಪಾಲಿದೆ.

1870ರಲ್ಲಿ ಅಲ್ಲಿ ಸಂಚರಿಸಿದ ಅನ್ವೇಷಕ ನಾರ್ಡೆನ್‌ಶೆಲ್ಡ್, ಮಂಜುಗಡ್ಡೆಗೆ ಕಂದು ಛಾಯೆಯನ್ನು ನೀಡುವ ಪಾಚಿಯು ಬಿಸಿಲನ್ನು ಹೀರಿ ಕರಗುವಿಕೆಯನ್ನು ತ್ವರೆಗೊಳಿಸುವುದೆಂದು ಅಭಿಪ್ರಾಯಪಟ್ಟಿದ್ದನು. ಆನ್ಸಿಲೊನೀಮಾ ಕುಲದ ಆ ಪ್ರಭೇದವು ಇಂದು ಅವನ ಹೆಸರನ್ನೇ ಹೊತ್ತಿದೆ.

ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬೀಳುವ ಸೂರ್ಯಪ್ರಕಾಶದ ಶೇ. 80ಕ್ಕೂ ಹೆಚ್ಚಿನ ಭಾಗವನ್ನು ಪ್ರತಿಫಲಿಸುತ್ತದೆ. ಬೇಸಿಗೆಯಲ್ಲಿ ಆ ಹಿಮ ಕರಗಿ ಬರಿಯ ಮಂಜುಗಡ್ಡೆ ತೆರೆದುಕೊಂಡಾಗ ಪ್ರತಿಫಲನವು ಕುಗ್ಗುತ್ತದೆ. ಪಾಚಿ ಹಬ್ಬಿದಲ್ಲಿ ಇನ್ನಷ್ಟು ಕುಗ್ಗುತ್ತದೆ. ಪ್ರಖರ ಬಿಸಿಲಿನಿಂದ ಜೀವಕೋಶವನ್ನು ರಕ್ಷಿಸುವ ಕಂದು-ನೇರಳೆ ವರ್ಣದ್ರವ್ಯವೇ ಬೆಳಕನ್ನು ಹೀರಿ, ಶಾಖವನ್ನು ಸುತ್ತಲಿನ ಮಂಜುಗಡ್ಡೆಗೆ ದಾಟಿಸುತ್ತದೆ. ಹೀಗೆ ಒಸರುವ ನೀರು ಪಾಚಿಯ ಬೆಳವಣಿಗೆಗೆ ಅವಶ್ಯಕ. ಆದ್ದರಿಂದ ಪಾಚಿ ಮಂಜುಗಡ್ಡೆಯನ್ನು ಕರಗಿಸುತ್ತದೆ, ಕರಗಿದ ನೀರು ಪಾಚಿಯನ್ನು ಬೆಳೆಸುತ್ತದೆ.

2020ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಅಂದಾಜಿನಂತೆ, 2017ರ ಬೇಸಿಗೆಯಲ್ಲಿ ಹಾಸಿನ ನೈಋತ್ಯ ಭಾಗದ ಬರಿಯ ಮಂಜುಗಡ್ಡೆಯಿಂದ ಹರಿದ ನೀರಿನಲ್ಲಿ ಶೇ. 10ರಿಂದ 13ರಷ್ಟು ಪಾಚಿಗಳ ಪರಿಣಾಮವಾಗಿತ್ತು. ಪಾಚಿ ದಟ್ಟವಾಗಿದ್ದ ಕೆಲವೆಡೆ ಕರಗುವಿಕೆಯ ವೇಗವು ಸುಮಾರು ಕಾಲುಭಾಗದಷ್ಟು ಹೆಚ್ಚಿತ್ತು.

ಭೂಮಿಯು ಬಿಸಿಯಾದಂತೆ ಹಿಮದ ಹೊದಿಕೆ ಬೇಗನೆ ಸರಿದು, ಪಾಚಿಗೆ ದೊರೆಯುವ ನೆಲೆಯೂ ಕಾಲಾವಧಿಯೂ ವಿಸ್ತರಿಸುತ್ತವೆ. ಈ ಜೈವಿಕ ಅಂಶವನ್ನು ಕೈಬಿಟ್ಟ ಲೆಕ್ಕಾಚಾರವು ಸಮುದ್ರಮಟ್ಟದ ಏರಿಕೆಯನ್ನು ಕಡಿಮೆಯಾಗಿ ಎಣಿಸುವ ಸಂಭವವಿದೆ.